ಫ್ಯಾಕ್ಟರಿ ಗುಜರಾತಿಗೆ ಹೋಯ್ತು ಸರಿ, ನಮ್ಮ ನೆನಪು ಎಲ್ಲಿಗೆ ಹೋಗುತ್ತೆ?

ಚಿಪ್ ವಿಚಾರ ಬಂದಾಗಲೆಲ್ಲ ನಮ್ಮ ರಾಜಕೀಯ ಚರ್ಚೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತೆ: ಫ್ಯಾಕ್ಟರಿ ಯಾವ ರಾಜ್ಯಕ್ಕೆ ಹೋಯ್ತು? 2023ರ ಜೂನ್‌ನಲ್ಲಿ ಗುಜರಾತ್‌ನ ಸಾನಂದ್‌ನಲ್ಲಿ ಮೈಕ್ರಾನ್‌ನ 22,516 ಕೋಟಿ ರೂಪಾಯಿಯ ಮೆಮೊರಿ ಘಟಕಕ್ಕೆ ಕೇಂದ್ರ ಒಪ್ಪಿಗೆ ಕೊಟ್ಟಿತು. ಮರುವರ್ಷ ಕೇಂದ್ರ ಸಚಿವ ಎಚ್.ಡಿ. ಕುಮಾರಸ್ವಾಮಿ, ಅಲ್ಲಿನ ಒಂದೊಂದು ಉದ್ಯೋಗಕ್ಕೆ 3.2 ಕೋಟಿ ಸಬ್ಸಿಡಿ ಹೋಗ್ತಿದೆ ಅಂತ ಲೆಕ್ಕ ಹಾಕಿ ಪ್ರಶ್ನೆ ಎತ್ತಿದರು. ಗದ್ದಲ ಆಯ್ತು, ಅವರು ಸ್ಪಷ್ಟನೆ ಕೊಟ್ಟರು, ಅಲ್ಲಿಗೆ ಮುಗೀತು. ಇಂಥ ಚಿಪ್‌ಗಳಲ್ಲಿ ನಾವು ತುಂಬಿಡೋದು ಎಷ್ಟು ದಿನ ಉಳಿಯುತ್ತೆ ಅನ್ನೋದು ಚರ್ಚೆಗೇ ಬರಲಿಲ್ಲ.

ಈ ಪ್ರಶ್ನೆಯನ್ನು ನಾನು ಮರಿಯಮ್ಮನಹಳ್ಳಿಯಿಂದ ನೋಡ್ತಿದ್ದೇನೆ. ಈ ಊರಿನ ದೊಡ್ಡ ಆಸ್ತಿ ಎಂದರೆ ರಂಗಭೂಮಿ ಮತ್ತು ಜೋಗತಿ ಕಲೆ. ಕೆ. ನಾಗರತ್ನಮ್ಮನಂಥ ರಂಗನಟಿಯ ಊರು ಇದು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ನೆಲೆಸಿರುವುದೂ ಇಲ್ಲೇ. ಈ ಕಲೆಯಲ್ಲಿ ಬರೆದಿಟ್ಟಿದ್ದು ಕಡಿಮೆ, ಗುರುವಿನಿಂದ ನೋಡಿ ಕೇಳಿ ಕಲಿತಿದ್ದೇ ಹೆಚ್ಚು. ಇವತ್ತು ಅದರ ಎಷ್ಟೋ ದಾಖಲೆಗಳು ಮೊಬೈಲ್, ಮೆಮೊರಿ ಕಾರ್ಡ್, ಪೆನ್‌ಡ್ರೈವ್‌ಗಳಲ್ಲಿ ಕೂತಿವೆ. ಅಂದರೆ ಫ್ಲ್ಯಾಶ್ ಮೆಮೊರಿಯಲ್ಲಿ.

ಫ್ಲ್ಯಾಶ್ ಮೆಮೊರಿ ಕಲ್ಲಿನ ಶಾಸನ ಇದ್ದಂತಲ್ಲ. ಅದರಲ್ಲಿ ಕೋಟ್ಯಂತರ ಸಣ್ಣ ಕೋಶಗಳಿರುತ್ತವೆ, ಒಂದೊಂದರಲ್ಲೂ ಒಂದಿಷ್ಟು ವಿದ್ಯುತ್ ಆವೇಶ ಇರುತ್ತೆ. ತುಂಗಭದ್ರಾ ಹಿನ್ನೀರಿನ ಸುತ್ತಮುತ್ತ ಇರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ. ಕೆರೆ ತುಂಬಿದೆಯೋ ಖಾಲಿಯೋ ಅಂತ ಹೇಳೋದು ಸುಲಭ. ಅದೇ ಕೆರೆಯಲ್ಲಿ ಹತ್ತಿರ ಹತ್ತಿರ 16 ಮಟ್ಟಗಳನ್ನು ಗುರುತಿಸಬೇಕು ಅಂದರೆ, ಸ್ವಲ್ಪ ನೀರು ಆವಿಯಾದರೂ ಲೆಕ್ಕ ತಪ್ಪುತ್ತೆ. ಹಳೆಯ ಫ್ಲ್ಯಾಶ್‌ನಲ್ಲಿ ಕೋಶಕ್ಕೆ ಒಂದೇ ಬಿಟ್, ಎರಡೇ ಮಟ್ಟ. ಅಗ್ಗ ಮಾಡುವ ಓಟದಲ್ಲಿ ಅದು ಮೂರು ಬಿಟ್‌ಗೆ 8 ಮಟ್ಟ, ನಾಲ್ಕು ಬಿಟ್‌ಗೆ 16 ಮಟ್ಟ ಆಯಿತು. ಕಾಲ ಕಳೆದಂತೆ ಆವೇಶ ಸೋರುತ್ತೆ. ಬಿಸಿಲಿಗೆ ಇನ್ನೂ ಬೇಗ ಸೋರುತ್ತೆ. ಪಕ್ಕದ ಕೋಶಗಳನ್ನು ಪದೇ ಪದೇ ಓದಿದರೂ ಮಟ್ಟ ಕದಲುತ್ತೆ. ಹಾಗಾಗಿ ಓದುವಾಗ ತಪ್ಪಾಗೋದು ಇಲ್ಲಿ ಅಪರೂಪವೇನಲ್ಲ, ದಿನನಿತ್ಯದ ಸಂಗತಿ.

ಆ ತಪ್ಪು ನಮ್ಮ ಕಣ್ಣಿಗೆ ಬೀಳದಂತೆ ನೋಡಿಕೊಳ್ಳೋದು ಕಂಟ್ರೋಲರ್ ಅನ್ನುವ ಇನ್ನೊಂದು ಚಿಪ್. ಮೊದಲಿಗೆ ಅದು ಗಣಿತದ ಸಹಾಯದಿಂದ ತಪ್ಪು ಬಿಟ್‌ಗಳನ್ನು ತಿದ್ದುತ್ತೆ. ಇದಕ್ಕೆ ಈಗ ಹೆಚ್ಚಾಗಿ ಬಳಸುವ ಎಲ್‌ಡಿಪಿಸಿ ಸಂಕೇತಗಳು 1960ರ ದಶಕದ ಆರಂಭದಲ್ಲಿ ರಾಬರ್ಟ್ ಗ್ಯಾಲಗರ್ ಕಂಡುಹಿಡಿದವು. ಅದಕ್ಕೂ ಬಗ್ಗದಿದ್ದರೆ ಅಳತೆಯ ಗೆರೆಯನ್ನು ಅತ್ತಿತ್ತ ಸರಿಸಿ ಮತ್ತೆ ಮತ್ತೆ ಓದುತ್ತೆ. ಪ್ರತಿ ಮರುಓದಿಗೂ ಸಮಯ, ಬ್ಯಾಟರಿ ಖರ್ಚು. ಜಾಣ ಕಂಟ್ರೋಲರ್ ಹೀಗೆ ಕತ್ತಲಲ್ಲಿ ತಡಕಾಡಲ್ಲ. ಈ ಭಾಗವನ್ನು ಬರೆದು ಎಷ್ಟು ದಿನವಾಯ್ತು, ಎಷ್ಟು ಸವೆದಿದೆ, ಬಿಸಿ ಎಷ್ಟಿದೆ, ಹೋದ ಸಲ ಯಾವ ಗೆರೆಯಲ್ಲಿ ಸರಿಯಾಗಿ ಓದಲಾಯ್ತು ಎಂಬ ಲೆಕ್ಕ ಇಟ್ಟುಕೊಂಡು, ಮೊದಲ ಓದೇ ಸರಿಯಾಗುವಂತೆ ಅಂದಾಜು ಮಾಡುತ್ತೆ. ಸೊರಗಿದ ಡೇಟಾವನ್ನು ಬಿಡುವಿದ್ದಾಗ ಹೊಸದಾಗಿ ಬರೆದಿಡುತ್ತೆ.

ಇದು ಬರೀ ಥಿಯರಿಯಲ್ಲ. 2014ರಲ್ಲಿ ಸ್ಯಾಮ್‌ಸಂಗ್‌ನ 840 ಇವಿಒ ಎಸ್‌ಎಸ್‌ಡಿಗಳಲ್ಲಿ ಹಳೆಯ ಫೈಲ್‌ಗಳನ್ನು ಓದುವ ವೇಗ ಪಾತಾಳಕ್ಕಿಳಿದಿತ್ತು. ಕಂಪನಿ ಚಿಪ್ ಬದಲಿಸಲಿಲ್ಲ, ಕಂಟ್ರೋಲರ್‌ನ ಫರ್ಮ್‌ವೇರ್ ಬದಲಿಸಿತು. ಒಂದು ಸಲಕ್ಕೆ ಸರಿಹೋಗದೆ 2015ರಲ್ಲಿ ಮತ್ತೊಮ್ಮೆ ಬದಲಿಸಬೇಕಾಯ್ತು.

ಆದರೆ ಈ ಕಾವಲು ನಡೆಯೋದು ಕರೆಂಟ್ ಇದ್ದಾಗ ಮಾತ್ರ. ಬೀರುವಿನಲ್ಲಿಟ್ಟ ಪೆನ್‌ಡ್ರೈವ್‌ಗೆ ಕಾವಲುಗಾರ ಇಲ್ಲ. ಉದ್ಯಮದ ಮಾನದಂಡ ಸಂಸ್ಥೆಯಾದ ಜೆಡೆಕ್ ಪ್ರಕಾರ, ಪೂರ್ತಿ ಸವೆದ ಎಸ್‌ಎಸ್‌ಡಿ ಕರೆಂಟ್ ಇಲ್ಲದೆ ಡೇಟಾ ಉಳಿಸಿಕೊಳ್ಳಬೇಕಾದ ಕನಿಷ್ಠ ಅವಧಿ ಹೀಗಿದೆ: ಮನೆಬಳಕೆಯದ್ದು 30 ಡಿಗ್ರಿಯಲ್ಲಿ ಒಂದು ವರ್ಷ, ಸರ್ವರ್‌ನದ್ದು 40 ಡಿಗ್ರಿಯಲ್ಲಿ ಮೂರು ತಿಂಗಳು. ಹೊಸದು ಇದಕ್ಕಿಂತ ಎಷ್ಟೋ ಹೆಚ್ಚು ಬಾಳುತ್ತೆ, ನಿಜ. ಆದರೆ ಹೊಸಪೇಟೆ ಕಡೆಯ ಏಪ್ರಿಲ್-ಮೇ ಬಿಸಿಲಲ್ಲಿ, ತಗಡಿನ ಮನೆಯೊಳಗೆ 40 ಡಿಗ್ರಿ ದೊಡ್ಡ ಸಂಖ್ಯೆಯೇನಲ್ಲ.

ವರ್ಗದ ಪ್ರಶ್ನೆ ಬರೋದು ಇಲ್ಲಿಯೇ. ಕ್ಲೌಡ್‌ಗೆ ದುಡ್ಡು ಕಟ್ಟುವವರ ಮದುವೆ ವಿಡಿಯೋವನ್ನು ತಣ್ಣನೆಯ ಡೇಟಾ ಸೆಂಟರ್‌ನಲ್ಲಿ ಒಳ್ಳೆಯ ಕಂಟ್ರೋಲರ್‌ಗಳು ಹಗಲಿರುಳು ಕಾಯುತ್ತವೆ. ಜೋಗತಿಯೊಬ್ಬಳ ಹಾಡು ಸಂತೆಯಲ್ಲಿ ಕೊಂಡ ಅಗ್ಗದ ಕಾರ್ಡ್‌ನಲ್ಲಿ ತಾನಾಗಿ ಉಳಿದಷ್ಟು ದಿನ ಉಳಿಯುತ್ತೆ.

ಇನ್ನು ಸರ್ಕಾರದ ದುಡ್ಡಿನ ಲೆಕ್ಕ ನೋಡಿ. 2021ರಲ್ಲಿ ಘೋಷಿಸಿದ ಸೆಮಿಕಂಡಕ್ಟರ್ ಕಾರ್ಯಕ್ರಮಕ್ಕೆ 76,000 ಕೋಟಿ. ಅದರಲ್ಲಿ ಚಿಪ್ ವಿನ್ಯಾಸದ ಪ್ರೋತ್ಸಾಹಕ್ಕೆ ಇಟ್ಟಿದ್ದು 1,000 ಕೋಟಿ. ಸಾನಂದ್‌ನಲ್ಲಿ ಆಗೋದು ಮೆಮೊರಿ ಚಿಪ್‌ಗಳ ಜೋಡಣೆ ಮತ್ತು ಪರೀಕ್ಷೆ. ತಪ್ಪು ತಿದ್ದುವ ಬುದ್ಧಿ ಇರುವುದು ವಿನ್ಯಾಸದಲ್ಲಿ, ಫರ್ಮ್‌ವೇರ್‌ನಲ್ಲಿ. ಅದನ್ನು ಬಲ್ಲ ಎಂಜಿನಿಯರ್‌ಗಳು ಬೆಂಗಳೂರಿನ ಸ್ಯಾಮ್‌ಸಂಗ್, ಸ್ಯಾನ್‌ಡಿಸ್ಕ್ ಕಚೇರಿಗಳಲ್ಲೇ ಇದ್ದಾರೆ, ಆದರೆ ಆ ಕೆಲಸದ ಒಡೆತನ ಹೊರಗಿನ ಕಂಪನಿಗಳದ್ದು. ಫ್ಯಾಕ್ಟರಿ ತಪ್ಪಿಹೋಯ್ತು ಅಂತ ಗೋಳಾಡುವ ಕರ್ನಾಟಕ, ಮನೆಯಲ್ಲೇ ಇರುವ ಈ ವಿದ್ಯೆಗಾಗಿ ಕೇಂದ್ರದ ಮುಂದೆ ಯಾಕೆ ಜಗಳ ಆಡಬಾರದು?

ಅದಕ್ಕೂ ಮೊದಲು ನಾಳೆಯೇ ಆಗಬಹುದಾದ ಕೆಲಸಗಳಿವೆ. ಸಾರ್ವಜನಿಕ ದಾಖಲೆಗೆ ಸ್ಟೋರೇಜ್ ಕೊಳ್ಳುವ ಟೆಂಡರ್‌ಗಳು ಜಿಬಿ ಮತ್ತು ದರದ ಜೊತೆಗೆ ಕೋಶಕ್ಕೆ ಎಷ್ಟು ಬಿಟ್, ತಪ್ಪು ತಿದ್ದುವ ಶಕ್ತಿ ಎಷ್ಟು, ಕರೆಂಟ್ ಇಲ್ಲದೆ ಎಷ್ಟು ಕಾಲ ಬಾಳುತ್ತೆ ಅಂತಲೂ ಕೇಳಬೇಕು. ಅಂಗಡಿಯ ಕಾರ್ಡ್‌ಗಳ ಪೊಟ್ಟಣದ ಮೇಲೂ ಈ ಮಾಹಿತಿ ಕಡ್ಡಾಯವಾಗಬೇಕು. ಅಕಾಡೆಮಿಗಳು ಕಲಾವಿದರ ಮನೆಯಲ್ಲಿರುವ ರೆಕಾರ್ಡಿಂಗ್‌ಗಳನ್ನು, ಅವರ ಒಪ್ಪಿಗೆ ಪಡೆದು, ಎರಡು ಕಡೆ ಪ್ರತಿ ಮಾಡಿಟ್ಟು ವರ್ಷಕ್ಕೊಮ್ಮೆ ಓದಿ ಪರೀಕ್ಷಿಸಬೇಕು. ಇದಕ್ಕೆ ಸಾವಿರಾರು ಕೋಟಿ ಬೇಕಿಲ್ಲ. ಪ್ರಶಸ್ತಿ ಕೊಟ್ಟು ಸನ್ಮಾನ ಮಾಡಿದ ಸರ್ಕಾರಕ್ಕೆ, ಆ ಕಲೆಯ ಒಂದು ಪ್ರತಿ ಕಾಪಾಡುವ ಹೊಣೆಯೂ ಇದೆ.