ಕೀಲುನೋವಿನ ಲೆಕ್ಕ ಮೊಬೈಲ್‌ನಲ್ಲಿ: ಬರೆದಿದ್ದನ್ನ ಓದೋರು ಯಾರು?

ಬಿ.ಪಿ., ಶುಗರ್ ಆಯ್ತು, ಈಗ ಕೀಲುನೋವಿನ ಸರದಿ. ಬೆಳಗ್ಗೆ ಕೈ ಎಷ್ಟು ಹೊತ್ತು ಬಿಗಿದಿತ್ತು, ಯಾವ ಕೀಲು ಊದಿದೆ, ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ಮಾತ್ರೆ ತಗೊಂಡಿದ್ದಾಯ್ತಾ? ಇದನ್ನೆಲ್ಲ ದಿನಾ ಬರೆದಿಡೋ ಆ್ಯಪ್‌ಗಳು ಪ್ಲೇ ಸ್ಟೋರ್‌ನಲ್ಲಿ ಬೇಕಾದಷ್ಟಿವೆ. ಹೆಚ್ಚಿನವು ಇಂಗ್ಲಿಷ್‌ನಲ್ಲೇ ಇವೆ ಅನ್ನೋದು ಬೇರೆ ಮಾತು. ತಾಲ್ಲೂಕಿನ ರೋಗಿಗೆ ಇದರಿಂದ ನಿಜಕ್ಕೂ ಏನು ಸಿಗುತ್ತೆ ಅನ್ನೋದನ್ನ ಬಿಡಿಸಿ ನೋಡಬೇಕು.

ಕೀಲುನೋವು ಅಂದ್ರೆ ಎಲ್ಲವೂ ಒಂದೇ ಅಲ್ಲ. ವಯಸ್ಸಾದಂತೆ ಬರೋ ಮಂಡಿ ಸವೆತ ಒಂದು. ರುಮಟಾಯ್ಡ್ ಆರ್ಥರೈಟಿಸ್ ಇನ್ನೊಂದು. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳುತ್ತೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಸವೆತದಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲಾಗುತ್ತೆ, ರುಮಟಾಯ್ಡ್‌ನಲ್ಲಿ ಒಂದು ಗಂಟೆ ದಾಟೋದು ಮಾಮೂಲು. ಅದಕ್ಕೇ ಡಾಕ್ಟರ್ 'ಬೆಳಗ್ಗೆ ಎಷ್ಟು ಹೊತ್ತು ಹಿಡ್ಕೊಂಡಿರುತ್ತೆ?' ಅಂತ ಕೇಳೋದು. ಬರೋ ಉತ್ತರ ಮಾತ್ರ 'ಸ್ವಲ್ಪ ಹೊತ್ತು ಸಾರ್'.

ಈ ಕಾಯಿಲೆ ಒಂದೇ ಸಮ ಇರಲ್ಲ. ಎರಡು ವಾರ ಸೊಂಟ ಕಟ್ಟಿ ಕೆಲಸ ಮಾಡಿದವರು ಮೂರನೇ ವಾರ ಚಪಾತಿ ಹಿಟ್ಟು ನಾದೋಕೂ ಆಗದೆ ಕೂರ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇದರ ತಜ್ಞರು ಸಾಮಾನ್ಯವಾಗಿ ಇರಲ್ಲ. ಬೆಂಗಳೂರಿಗೋ ಮೈಸೂರಿಗೋ ಮಂಗಳೂರಿಗೋ ಬಸ್ ಹತ್ತಬೇಕು, ಅದೂ ಕೆಲವು ತಿಂಗಳಿಗೊಮ್ಮೆ. ಹೋದ ದಿನ ನೋವು ಕಮ್ಮಿ ಇದ್ದರೆ 'ಪರವಾಗಿಲ್ಲ' ಅಂತ ಹೇಳಿ ಅದೇ ಔಷಧಿ ಬರೆಸಿಕೊಂಡು ಬರೋದಾಗುತ್ತೆ. ಒಳಗೆ ಕೀಲು ಹಾಳಾಗ್ತಾನೇ ಇರಬಹುದು. ಒಮ್ಮೆ ಸೊಟ್ಟಗಾದ ಬೆರಳು ಔಷಧಿಯಿಂದ ನೆಟ್ಟಗಾಗಲ್ಲ. ದಿನದ ಲೆಕ್ಕ ಬೇಕಾಗಿರೋದು ಇದಕ್ಕೇ.

ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು 'ರೆಮೋರಾ' ಅಂತ ಒಂದು ವ್ಯವಸ್ಥೆ ಮಾಡಿದ್ದಾರೆ. ರೋಗಿ ಮನೆಯಲ್ಲಿ ಮೊಬೈಲ್‌ಗೆ ಹಾಕಿದ ಅಂಕಗಳು ನೇರ ಆಸ್ಪತ್ರೆಯ ದಾಖಲೆಗೆ ಸೇರುತ್ತವೆ, ಡಾಕ್ಟರ್ ಎದುರಿಗೆ ಗ್ರಾಫ್ ಆಗಿ ಕಾಣುತ್ತವೆ. ಇಲ್ಲಿನ ರೋಗಿ ಬರೆದಿದ್ದು ಫೋನ್‌ನಲ್ಲೇ ಉಳಿಯುತ್ತೆ. ಸರ್ಕಾರದ ಇ-ಸಂಜೀವಿನಿ ಇದೆ ನಿಜ, ಆದರೆ ಅದು ಡಾಕ್ಟರ್ ಜತೆ ದೂರದಿಂದ ಮಾತಾಡೋ ವ್ಯವಸ್ಥೆ. ಹಾಗಾಗಿ ಇಲ್ಲಿ ಕೊರತೆ ಇರೋದು ಆ್ಯಪ್‌ನದ್ದಲ್ಲ, ಆ ಲೆಕ್ಕ ನೋಡೋ ಮನುಷ್ಯನದ್ದು.

ಲೆಕ್ಕದಿಂದ ಏನು ಹೊರಬರುತ್ತೆ ಅನ್ನೋದಕ್ಕೂ ಅಲ್ಲಿಂದಲೇ ಒಂದು ಉದಾಹರಣೆ. ಮೋಡ ಕವಿದ್ರೆ ಮಂಡಿ ಹಿಡಿಯುತ್ತೆ ಅನ್ನೋ ಅಜ್ಜಿಯರ ಮಾತನ್ನೇ ಅದೇ ವಿಶ್ವವಿದ್ಯಾಲಯದವರು 2016ರಿಂದ ಮೊಬೈಲ್ ಮೂಲಕ ಪರೀಕ್ಷೆ ಮಾಡಿದರು. 2,658 ಜನರ ದಿನದಿನದ ನೋವಿನ ಲೆಕ್ಕ ತಗೊಂಡು 2019ರಲ್ಲಿ ಫಲಿತಾಂಶ ಕೊಟ್ಟರು. ತೇವ, ಗಾಳಿ ಹೆಚ್ಚಿದ್ದ ದಿನ ನೋವು ಹೆಚ್ಚು, ನಿಜ. ಆದರೆ ಮಾಮೂಲಿ ದಿನ ನೂರರಲ್ಲಿ 5 ಇದ್ದ ಸಾಧ್ಯತೆ ಅಂಥ ದಿನ 6 ಆಗುತ್ತೆ, ಅಷ್ಟೇ. ಎಲ್ಲ ತಪ್ಪನ್ನೂ ಮಳೆ ಮೇಲೆ ಹಾಕೋ ಹಾಗಿಲ್ಲ.

ಹೆಚ್ಚು ಎಚ್ಚರ ಬೇಕಾಗಿರೋದು ಮಾತ್ರೆ ನೆನಪಿಸೋ ಅಲಾರಂ ವಿಚಾರದಲ್ಲಿ. ರುಮಟಾಯ್ಡ್‌ಗೆ ಸಾಮಾನ್ಯವಾಗಿ ಕೊಡೋ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತಗೊಳ್ಳೋ ಔಷಧಿ. ಆ್ಯಪ್‌ನಲ್ಲಿ ಗೊತ್ತಿಲ್ಲದೆ 'ಪ್ರತಿದಿನ' ಅಂತ ಒತ್ತಿ, ದಿನಾ ನುಂಗಿದರೆ ಬಾಯಲ್ಲಿ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೇ ಬರಬಹುದು. ಅಲಾರಂ ಇಟ್ಟುಕೊಡೋ ಮಗ, ಮೊಮ್ಮಗಳು ವಾರ ಯಾವುದು ಅಂತ ಡಾಕ್ಟರ್ ಚೀಟಿ ನೋಡಿಯೇ ಇಡಬೇಕು. ಅದರ ಜತೆಗೆ ಕಾಲಕಾಲಕ್ಕೆ ರಕ್ತ, ಲಿವರ್ ಪರೀಕ್ಷೆಯೂ ಆಗಬೇಕು. ನೋವಿನ ಅಂಕ ಇಳಿದಿದೆ ಅಂತ ಆ ಪರೀಕ್ಷೆ ಬಿಡೋ ಹಾಗಿಲ್ಲ, ಔಷಧಿ ತಾನಾಗಿ ನಿಲ್ಲಿಸೋ ಹಾಗೂ ಇಲ್ಲ.

ಇನ್ನು ಮೆಡಿಕಲ್ ಶಾಪ್‌ನಲ್ಲಿ ಬಾಯಿಮಾತಲ್ಲೇ ಸಿಗೋ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಥರದವು ತಿಂಗಳುಗಟ್ಟಲೆ ಹೋದರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಕಿಡ್ನಿಗೂ ಪೆಟ್ಟು. ತಿಂಗಳಿಗೆ ಎಷ್ಟು ನುಂಗಿದ್ವಿ ಅನ್ನೋ ಲೆಕ್ಕ ಮನೆಯವರ ಹತ್ತಿರವೂ ಇರಲ್ಲ. ಆ್ಯಪ್‌ನಲ್ಲಿ ಬೇರೇನೂ ಬರೆಯದಿದ್ದರೂ ಇದೊಂದನ್ನ ಬರೆದರೆ ಡಾಕ್ಟರಿಗೆ ದೊಡ್ಡ ಸುಳಿವು.

ಆ್ಯಪ್ ಹಾಕಿಕೊಳ್ಳುವಾಗ ಫೋನ್‌ನಲ್ಲಿರೋ ನಂಬರ್‌ಗಳನ್ನೆಲ್ಲ ಕೇಳಿದರೆ ಕೊಡಬೇಡಿ. ನೋವಿನ ಲೆಕ್ಕಕ್ಕೂ ನೆಂಟರ ನಂಬರಿಗೂ ಏನು ಸಂಬಂಧ? ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲೇ ಕಾಯ್ದೆ ಬಂದಿದೆ. ಆದರೆ 'ಓಕೆ' ಒತ್ತೋ ಬೆರಳು ನಮ್ಮದೇ.

ಸ್ಮಾರ್ಟ್‌ಫೋನ್ ಇಲ್ಲದವರು ಗೋಡೆಯ ಕ್ಯಾಲೆಂಡರ್ ಬಳಸಬಹುದು. ಹಾಲಿನ ಲೆಕ್ಕ ಬರೆಯೋ ಚೌಕದಲ್ಲೇ ನೋವಿನ ಅಂಕ, ಬಿಗಿತದ ನಿಮಿಷ, ನುಂಗಿದ ನೋವಿನ ಮಾತ್ರೆ, ಮೂರು ಅಂಕಿ ಸಾಕು. ಉದ್ರಿ ಪುಸ್ತಕ ಬರೆಯೋ ಅಂಗಡಿಯವರಿಗೆ ಇದೇನು ಕಷ್ಟವಲ್ಲ. ಆಸ್ಪತ್ರೆಗೆ ಹೋಗುವಾಗ ಆ ಹಾಳೆಗಳ ಫೋಟೊ, ಇಲ್ಲವೇ ಆ್ಯಪ್‌ನ ಗ್ರಾಫ್ ತೆರೆದಿಟ್ಟುಕೊಂಡೇ ಒಳಗೆ ಹೋಗಬೇಕು; ಡಾಕ್ಟರ್ ಕೇಳಿದ ಮೇಲೆ ಹುಡುಕ್ತಾ ಕೂತರೆ ಇದ್ದ ಐದು ನಿಮಿಷವೂ ಹೋಯ್ತು. ಒಂದೇ ಕೀಲು ದಿಢೀರನೆ ಊದಿ, ಕೆಂಪಾಗಿ ಬಿಸಿಯಾಗಿ ಜ್ವರವೂ ಬಂದರೆ ಅಂಕ ಬರೆಯೋದಲ್ಲ, ಅವತ್ತೇ ಆಸ್ಪತ್ರೆಗೆ ಹೋಗಬೇಕು.