ಗ್ರಿಪ್ ಇದೆ ಅಂತ ನಂಬಬೇಡಿ, ಟೈರಿನ ಪಕ್ಕೆ ನೋಡಿ

"ಹೆದ್ದಾರಿಯಲ್ಲಿ ಟೈರ್ ಸ್ಫೋಟಗೊಂಡು ಕಾರು ಪಲ್ಟಿ." ಈ ಸುದ್ದಿಯನ್ನು ನೀವು ಎಷ್ಟು ಸಲ ಓದಿದ್ದೀರಿ? ಅದರಲ್ಲಿ ಸತ್ತವರ ವಯಸ್ಸು ಇರುತ್ತದೆ, ಚಾಲಕನ ವಯಸ್ಸು ಇರುತ್ತದೆ. ಟೈರಿನ ವಯಸ್ಸು ಮಾತ್ರ ಇರುವುದಿಲ್ಲ. ಸಿಡಿಲು ಬಡಿದ ಹಾಗೆ, ಯಾರ ಕೈಯಲ್ಲೂ ಇರಲಿಲ್ಲ ಅನ್ನುವ ಹಾಗೆ ಬರೆದು ಮುಗಿಸುತ್ತಾರೆ. ಪತ್ರಿಕೋದ್ಯಮ ಓದಿದ ನಮಗೆ ಈ ವಾಕ್ಯ ಕಂಡಾಗಲೆಲ್ಲ ಸಿಟ್ಟು ಬರುತ್ತದೆ. ಮೊಳೆ, ರಸ್ತೆ ಗುಂಡಿಯ ಮಾತು ಬೇರೆ. ಹಳೇ ಟೈರು ಬಹಳ ಸಲ ಮೊದಲೇ ಹೇಳಿರುತ್ತದೆ. ಅದು ಹೇಳುವುದು ಪಕ್ಕೆಯಲ್ಲಿ, ನಾವು ನೋಡುವುದು ಗ್ರಿಪ್ಪನ್ನು.

ನಮ್ಮ ಊರುಗಳಿಗೆ ಬರುವ ಕಾರುಗಳಲ್ಲಿ ಬಹಳಷ್ಟು ಪೇಟೆಯಲ್ಲಿ ಎಂಟು ಹತ್ತು ವರ್ಷ ಇದ್ದು ಬಂದವು. ಬ್ರೋಕರ್ ಏನು ಹೇಳುತ್ತಾನೆ? "ಡಾಕ್ಟರ್ ಗಾಡಿ ಅಣ್ಣ, ಸಿಂಗಲ್ ಓನರ್. ಮೂವತ್ತು ಸಾವಿರ ಓಡಿದೆ ಅಷ್ಟೇ. ಕಂಪನಿ ಟೈರೇ ಐತೆ, ಗ್ರಿಪ್ ನೋಡಿ ಹೆಂಗೈತೆ!" ಅವನು ಹೊಗಳುತ್ತಿರುವುದೇ ನೀವು ಹೆದರಬೇಕಾದ ಸಂಗತಿ. ಕಂಪನಿ ಟೈರೇ ಇದೆ ಅಂದರೆ ಕಾರಿಗೆ ಎಷ್ಟು ವಯಸ್ಸೋ ಟೈರಿಗೂ ಅಷ್ಟೇ. ಕಮ್ಮಿ ಓಡಿದೆ ಅಂದರೆ ಹೆಚ್ಚು ಕಾಲ ನಿಂತಿದೆ. ನಿಂತ ಟೈರು ಬೇಗ ಸೀಳುತ್ತದೆ.

ಯಾಕೆ ಅನ್ನುವುದಕ್ಕೆ ಮನೆಯಲ್ಲೇ ಸಾಕ್ಷಿ ಇದೆ. ಪಾಸ್‌ಬುಕ್ಕಿನ ಕಟ್ಟಿಗೆ ಹಾಕಿದ ರಬ್ಬರ್ ಬ್ಯಾಂಡ್ ಎರಡು ವರ್ಷ ಬಿಟ್ಟು ಎಳೆದರೆ ಪಟ್ಟನೆ ತುಂಡಾಗುತ್ತದಲ್ಲ? ಅದನ್ನು ಯಾರೂ ಸವೆಸಿರಲಿಲ್ಲ. ಗಾಳಿಯಲ್ಲಿ ಆಮ್ಲಜನಕದ ಜೊತೆಗೆ ಓಝೋನ್ ಅನ್ನುವ ಅನಿಲವೂ ಚೂರು ಇರುತ್ತದೆ. ಎಳೆದು ಹಿಡಿದ ರಬ್ಬರನ್ನು ಕಂಡರೆ ಅದಕ್ಕೆ ಬಲು ಇಷ್ಟ. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರದಿಂದ ಇಳಿಸುವ ಹಾಲಿನ ರಬ್ಬರಾದರೂ ಅಷ್ಟೇ, ಕಾರ್ಖಾನೆಯಲ್ಲಿ ಮಾಡಿದ ಟೈರ್ ರಬ್ಬರಾದರೂ ಅಷ್ಟೇ, ಅದರೊಳಗೆ ಉದ್ದುದ್ದ ಸರಪಳಿಗಳಿರುತ್ತವೆ. ಓಝೋನ್ ಆ ಸರಪಳಿಯ ಕೊಂಡಿ ಕಡಿಯುತ್ತದೆ. ಬಿಸಿಲು, ಕಾವು ಸೇರಿದರೆ ಕೆಲಸ ಇನ್ನೂ ಬೇಗ. ಟೈರಿನಲ್ಲಿ ಹೆಚ್ಚು ಬಾಗುವ, ಹಿಗ್ಗುವ ಜಾಗ ಪಕ್ಕೆ. ಆದ್ದರಿಂದ ಕೂದಲೆಳೆಯಂಥ ಗೆರೆ ಮೊದಲು ಕಾಣುವುದೂ ಬಹುಪಾಲು ಅಲ್ಲೇ.

ಟೈರ್ ಮಾಡುವವರಿಗೆ ಇದು ಗೊತ್ತು. ಅದಕ್ಕೇ ರಬ್ಬರಿನೊಳಗೆ ಮೇಣ ಮತ್ತು ಓಝೋನ್ ತಡೆಯುವ ರಾಸಾಯನಿಕ ಬೆರೆಸಿರುತ್ತಾರೆ. ಗಾಡಿ ಓಡಿ ಟೈರು ಬಾಗಿದಂತೆಲ್ಲ ಅದು ಒಳಗಿನಿಂದ ಮೇಲಕ್ಕೆ ಬಂದು ತೆಳ್ಳಗೆ ಹೊದಿಕೆಯಾಗುತ್ತದೆ. ಹಳೇ ಟೈರಿನ ಮೇಲೆ ಕಂದು ಬಣ್ಣ ಕಾಣುತ್ತದಲ್ಲ, ಅದೆಲ್ಲ ಕೊಳೆಯಲ್ಲ, ಆ ರಾಸಾಯನಿಕವೂ ಇರುತ್ತದೆ. ಮದುವೆಗೋ ಧರ್ಮಸ್ಥಳಕ್ಕೋ ಮಾತ್ರ ಹೊರಡಿಸಿ, ಉಳಿದ ದಿನ ಅಂಗಳದ ಬಿಸಿಲಲ್ಲಿ ನಿಲ್ಲಿಸಿದರೆ ಈ ಮದ್ದು ಮೇಲಕ್ಕೆ ಸರಿಯಾಗಿ ಬರುವುದಿಲ್ಲ. ಗಾಳಿ ಇಳಿದಿದ್ದರಂತೂ ಪಕ್ಕೆಯ ಒಂದೇ ಜಾಗ ತಿಂಗಳುಗಟ್ಟಲೆ ಮಡಿಸಿಕೊಂಡು ನಿಂತಿರುತ್ತದೆ.

ಇನ್ನು ಪಾಲಿಶ್. ಮಾರುವ ದಿನ ಬೆಳಿಗ್ಗೆ ಟೈರಿಗೆ ಕಪ್ಪಗೆ ಮಿಂಚುವಂತೆ ಬಳಿದು ನಿಲ್ಲಿಸುತ್ತಾರೆ. ಕೆಲವರು ಡೀಸೆಲ್ಲಿನಲ್ಲೇ ಒರೆಸುತ್ತಾರೆ. ಡೀಸೆಲ್ ರಬ್ಬರನ್ನೇ ಊದಿಸಿ ಕೆಡಿಸುತ್ತದೆ, ಮೇಲಿನ ಮದ್ದನ್ನೂ ತೊಳೆದುಬಿಡುತ್ತದೆ. ಗೆರೆ ಮುಚ್ಚಲು ಮಾಡುವ ಕೆಲಸವೇ ಗೆರೆಯನ್ನು ಹೆಚ್ಚಿಸುತ್ತದೆ. ನಮ್ಮ ಪ್ರಕಾರ ಇದು ಗಾಡಿ ಚೊಕ್ಕ ಮಾಡುವುದಲ್ಲ, ಮೋಸ. ಒದ್ದೆ ಬಟ್ಟೆಯಲ್ಲಿ ಉಜ್ಜಿ, ಬೆರಳಿಂದ ಒತ್ತಿ ನೋಡದೆ ಅಡ್ವಾನ್ಸ್ ಕೊಡಬೇಡಿ.

ವಯಸ್ಸು ತಿಳಿಯುವುದು ಸುಲಭ. ಪಕ್ಕೆಯ ಮೇಲೆ ಡಿಒಟಿ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಹುಡುಕಿ. 2316 ಅಂದರೆ 2016ರ 23ನೇ ವಾರ ತಯಾರಾದದ್ದು. ಹೊರಗಿನ ಪಕ್ಕೆಯಲ್ಲಿ ಇಲ್ಲದಿದ್ದರೆ ಒಳಗಿನ ಪಕ್ಕೆಯಲ್ಲಿ ಇರುತ್ತದೆ. ಗ್ರಿಪ್ ಎಷ್ಟೇ ಇರಲಿ, ಹತ್ತು ವರ್ಷವಾದ ಮೇಲೆ ಟೈರು ತೆಗೆಯಿರಿ ಎಂದು ಹೆಸರಾಂತ ಟೈರ್ ಕಂಪನಿಗಳೇ ಹೇಳುತ್ತವೆ. ಐದು ವರ್ಷ ದಾಟಿದರೆ ವರ್ಷಕ್ಕೊಮ್ಮೆ ತೋರಿಸಿ ಅನ್ನುತ್ತವೆ. ಆದರೆ ನಮ್ಮ ಮೋಟಾರು ವಾಹನ ನಿಯಮದಲ್ಲಿ ಕಾರಿನ ಟೈರಿನ ಗ್ರಿಪ್ಪಿಗೆ ಕೊಟ್ಟ 1.6 ಮಿಲಿಮೀಟರ್ ಅಳತೆ ಸವೆತವನ್ನು ಅಳೆಯುತ್ತದೆಯೇ ಹೊರತು ಮುಪ್ಪನ್ನಲ್ಲ. ಮಕ್ಕಳನ್ನು ತುಂಬಿಕೊಂಡು ಹೋಗುವ ವ್ಯಾನಿಗೆ ಎಫ್‌ಸಿ ಮಾಡುವಾಗಲಾದರೂ ಆ ನಾಲ್ಕು ಅಂಕಿ ಬರೆದುಕೊಳ್ಳಲಿ. ಅದಕ್ಕೆ ಯಂತ್ರ ಬೇಕಿಲ್ಲ, ಕಣ್ಣು ಸಾಕು.

"ನಾಲ್ಕು ಟೈರಿನ ದುಡ್ಡು ನೀವು ಕೊಡ್ತೀರಾ?" ಅಂತ ಕೇಳುತ್ತೀರಿ. ನ್ಯಾಯದ ಪ್ರಶ್ನೆಯೇ. ಗೆರೆ ಕಂಡ ಟೈರನ್ನೆಲ್ಲ ಎಸೆಯಿರಿ ಅಂತ ನಾವು ಹೇಳುತ್ತಿಲ್ಲ. ಮೇಲ್ಮೈಯ ಸಣ್ಣ ಗೆರೆಗಳಿದ್ದರೆ ಪಂಚರ್ ಅಂಗಡಿಯಲ್ಲಿ ಒಮ್ಮೆ ತೋರಿಸಿ, ಗಾಳಿ ಸರಿಯಿಟ್ಟು, ನೆರಳಲ್ಲಿ ನಿಲ್ಲಿಸಿ, ಕಣ್ಣಿಟ್ಟಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಾಗಿದ್ದರೆ, ಒಳಗಿನ ನೂಲು ಕಂಡರೆ, ಎಲ್ಲಾದರೂ ಉಬ್ಬಿದ್ದರೆ ಆ ಟೈರಿನ ಕಥೆ ಮುಗಿಯಿತು. ಪಕ್ಕೆಗೆ ಪ್ಯಾಚ್ ನಿಲ್ಲುವುದಿಲ್ಲ. ಸೀಳಿನಿಂದ ನೀರು ಇಳಿದು ಒಳಗಿನ ನೂಲು, ತಂತಿ ಹಾಳಾಗುತ್ತವೆ. ಊರೊಳಗೆ ನಲವತ್ತರ ವೇಗದಲ್ಲಿ ಅದು ಹೇಗೋ ತಡೆದುಕೊಂಡಿರುತ್ತದೆ. ಏಳು ಜನ, ಮೇಲೆ ಲಗೇಜು, ಏಪ್ರಿಲ್ ಮಧ್ಯಾಹ್ನ, ನಾಲ್ಕು ಪಥದ ರಸ್ತೆಯಲ್ಲಿ ನೂರರ ವೇಗ. ಸಿಡಿಯುವುದು ಅಂಥ ದಿನ.

ಸ್ಟೆಪ್ನಿಯನ್ನೂ ಹೊರಗೆ ತೆಗೆದು ನೋಡಿ. ನೆಲ ಮುಟ್ಟದೆ ಗ್ರಿಪ್ ಹೊಸದರಂತೆ ಇರುತ್ತದೆ, ಅಂಕಿ ಮಾತ್ರ ಕಾರಿನಷ್ಟೇ ಹಳೆಯದು.