ಹೆಬ್ಬಾಗಿಲ ಕೀಲಿ ಒಬ್ಬನ ಕೈಯಲ್ಲಿ

2008ರ ಜುಲೈ 21, ಸೋಮವಾರ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮೇಯರ್ ಗ್ಯಾವಿನ್ ನ್ಯೂಸಮ್ ಜೈಲಿಗೆ ಹೋದರು. ಅಲ್ಲಿದ್ದ ಕೈದಿ ಟೆರಿ ಚೈಲ್ಡ್ಸ್ ನಗರಾಡಳಿತದ್ದೇ ಎಂಜಿನಿಯರ್. ಮೇಯರ್‌ಗೆ ಆತನಿಂದ ಬೇಕಾಗಿದ್ದುದು ಒಂದೇ: ಪಾಸ್‌ವರ್ಡ್, ಅಂದರೆ ಗುಪ್ತಪದ.

ನಗರದ ಕಚೇರಿಗಳನ್ನೆಲ್ಲ ಬೆಸೆದಿದ್ದ ಗಣಕಜಾಲದ ಹೆಸರು 'ಫೈಬರ್‌ವ್ಯಾನ್'. ನೌಕರರ ಸಂಬಳದ ಲೆಕ್ಕ, ಪೊಲೀಸರ ಕಡತ, ಇ-ಮೇಲ್ ಎಲ್ಲವೂ ಅದರಲ್ಲೇ ಹರಿಯುತ್ತಿದ್ದವು. ಅದರ ಗುಪ್ತಪದಗಳು ಚೈಲ್ಡ್ಸ್ ಒಬ್ಬನಿಗೇ ಗೊತ್ತಿದ್ದವು. ಜುಲೈ 9ರಂದು ಮೇಲಧಿಕಾರಿಗಳು ಕೇಳಿದಾಗ ಆತ ಕೊಟ್ಟವು ಕೆಲಸಕ್ಕೆ ಬರಲಿಲ್ಲ. ಕೆಲವೇ ದಿನಗಳಲ್ಲಿ ಆತನ ಬಂಧನವಾಯಿತು. ಜಾಮೀನಿನ ಮೊತ್ತ 50 ಲಕ್ಷ ಡಾಲರ್!

ವಿಚಿತ್ರವೆಂದರೆ, ಆ 12 ದಿನವೂ ಜಾಲ ಎಂದಿನಂತೆ ನಡೆಯುತ್ತಲೇ ಇತ್ತು. ಆದರೆ ಅದನ್ನು ತಿದ್ದಲು, ಕೆಟ್ಟರೆ ಸರಿಪಡಿಸಲು ಯಾರಿಗೂ ಸಾಧ್ಯವಿರಲಿಲ್ಲ. ಓಡುವ ರೈಲಿನ ಎಂಜಿನ್ ಕೋಣೆಗೆ ಒಳಗಿನಿಂದ ಅಗಳಿ ಹಾಕಿದಂತಾಗಿತ್ತು.

ಒಳಗಿನ ಗಣಕಗಳಿಗೂ ಹೊರಗಿನ ಜಾಲಕ್ಕೂ ನಡುವೆ ನಿಂತ ಹೆಬ್ಬಾಗಿಲೇ ಗೇಟ್‌ವೇ. ಆ ಕೆಲಸ ಮಾಡುವ ಪೆಟ್ಟಿಗೆ ರೂಟರ್. ಗುಪ್ತಪದ ಮರೆಯುವುದು ಮನುಷ್ಯ ಸಹಜವೆಂದು ಅದನ್ನು ತಯಾರಿಸುವವರಿಗೂ ಗೊತ್ತು. ಉದಾಹರಣೆಗೆ, ಸಿಸ್ಕೋ ಕಂಪನಿಯ ಅನೇಕ ರೂಟರ್‌ಗಳಿಗೆ ಕೇಬಲ್‌ನಿಂದ ನೇರವಾಗಿ ಗಣಕ ಜೋಡಿಸಿ, ವಿದ್ಯುತ್ ಆರಿಸಿ ಮತ್ತೆ ಹಾಕಿ, ಮೊದಲ ನಿಮಿಷದೊಳಗೆ 'ಬ್ರೇಕ್' ಕೀಲಿಯನ್ನು ಒತ್ತಬೇಕು. ಉಳಿಸಿಟ್ಟ ವಿವರಗಳನ್ನು ಓದದೆಯೇ ಏಳುವಂತೆ ಆಗ ಅದಕ್ಕೆ ಅಪ್ಪಣೆ ಕೊಡಬಹುದು. ಗುಪ್ತಪದ ಇರುವುದೂ ಆ ವಿವರಗಳಲ್ಲೇ ಆದ್ದರಿಂದ ರೂಟರ್ ಅದನ್ನು ಕೇಳುವುದಿಲ್ಲ. ಒಳಹೊಕ್ಕ ಮೇಲೆ ಹಳೆಯ ವಿವರಗಳನ್ನು ಮರಳಿ ತಂದು, ಹೊಸ ಗುಪ್ತಪದ ಇಟ್ಟರಾಯಿತು. ಪೆಟ್ಟಿಗೆಯನ್ನು ಕೈಯಲ್ಲಿ ಮುಟ್ಟಬಲ್ಲವನೇ ಅದರ ಯಜಮಾನ ಎಂಬುದು ಇದರ ಹಿಂದಿನ ನಂಬಿಕೆ. ದೊಡ್ಡ ಕಚೇರಿಗಳು ರೂಟರ್‌ಗಳನ್ನು ಬೀಗ ಹಾಕಿದ ಕೋಣೆಯಲ್ಲಿ ಇಡುವುದು ಅದಕ್ಕೇ.

ಚೈಲ್ಡ್ಸ್ ಈ ಹಿತ್ತಿಲ ಬಾಗಿಲನ್ನೂ ಮುಚ್ಚಿಬಿಟ್ಟಿದ್ದ. ಹಲವು ಪೆಟ್ಟಿಗೆಗಳಲ್ಲಿ ಗುಪ್ತಪದ ಮರಳಿ ಪಡೆಯುವ ಸೌಲಭ್ಯವನ್ನೇ ತೆಗೆದಿದ್ದ. ಇನ್ನು ಕೆಲವದರ ವಿವರಗಳು ಇದ್ದುದು ವಿದ್ಯುತ್ ಹೋದೊಡನೆ ಅಳಿಸಿಹೋಗುವ ನೆನಪಿನಲ್ಲಿ! ಆರಿಸಿದರೆ ಎಲ್ಲವೂ ಮಾಯ. ಮೇಯರ್ ಒಬ್ಬರನ್ನೇ ನಂಬುವುದಾಗಿ ಹೇಳಿದ ಆತ ಕೊನೆಗೆ ಅವರಿಗೇ ಗುಪ್ತಪದಗಳನ್ನು ಒಪ್ಪಿಸಿದ. 2010ರಲ್ಲಿ ನ್ಯಾಯಾಲಯ ಆತನಿಗೆ ನಾಲ್ಕು ವರ್ಷ ಸೆರೆವಾಸ ವಿಧಿಸಿತು. 2011ರಲ್ಲಿ ಸುಮಾರು 15 ಲಕ್ಷ ಡಾಲರ್ ನಷ್ಟ ತುಂಬಿಕೊಡಲು ಹೇಳಿತು.

ಮನೆಯ ಗೋಡೆಯ ಮೇಲೆ ಮಿಣುಕುವ ಪುಟ್ಟ ಪೆಟ್ಟಿಗೆಯೂ ಹೆಬ್ಬಾಗಿಲೇ. ಅದಕ್ಕೆ ಎರಡು ಗುಪ್ತಪದಗಳು. ಮೊಬೈಲಿಗೆ ಹಾಕುವ ವೈ-ಫೈ ಗುಪ್ತಪದ ಒಂದು. ಪೆಟ್ಟಿಗೆಯ ಒಳಗನ್ನೇ ತಿದ್ದುವ ಯಜಮಾನನ ಗುಪ್ತಪದ ಇನ್ನೊಂದು. ಎರಡನೆಯದು ಮರೆತರೆ ಮೊದಲು ಪೆಟ್ಟಿಗೆಯ ತಳದ ಚೀಟಿ ನೋಡಬೇಕು. ಅದೂ ಫಲಿಸದಿದ್ದರೆ 'ರೀಸೆಟ್' ಎಂದಿರುವ ಸಣ್ಣ ತೂತಿಗೆ ಪಿನ್ನು ತೂರಿಸಿ ಸುಮಾರು 10 ಸೆಕೆಂಡು ಒತ್ತಿ ಹಿಡಿದರೆ ಪೆಟ್ಟಿಗೆ ಅಂಗಡಿಯಿಂದ ತಂದ ದಿನದ ಸ್ಥಿತಿಗೆ ಮರಳುತ್ತದೆ. ಜತೆಗೆ ಇಂಟರ್‌ನೆಟ್ ಕಂಪನಿ ತುಂಬಿಸಿದ್ದ ವಿವರಗಳೂ ಅಳಿಸಿಹೋಗಬಹುದು. ಪರೀಕ್ಷಾ ಅರ್ಜಿಯ ಕೊನೆಯ ದಿನ ಈ ಸಾಹಸ ಮಾಡಿದ ಮನೆಯಲ್ಲಿ ಅರ್ಜಿಯೂ ಹೋಗುವುದಿಲ್ಲ, ಊಟವೂ ಸೇರುವುದಿಲ್ಲ. ಆದ್ದರಿಂದ ಮೊದಲು ಕಂಪನಿಗೆ ಫೋನು, ಆಮೇಲೆ ಪಿನ್ನು.

ಎಷ್ಟೋ ಮನೆಗಳಲ್ಲಿ ಈ ಗುಟ್ಟು ಪಿಯುಸಿ ಓದುವ ಮಗನಿಗೋ ಮಗಳಿಗೋ ಮಾತ್ರ ಗೊತ್ತು. ಅವರು ಹಾಸ್ಟೆಲ್ಲಿಗೆ ಹೊರಟ ದಿನ ಗುಟ್ಟೂ ಅವರೊಂದಿಗೆ ಹೊರಡುತ್ತದೆ. ಚೀಟಿಯಲ್ಲಿರುವ ಗುಪ್ತಪದವನ್ನು ಬದಲಿಸಿ, ಹೊಸದನ್ನು ಪುಸ್ತಕದಲ್ಲಿ ಬರೆದು, ಬ್ಯಾಂಕ್ ಪಾಸ್‌ಬುಕ್ ಇರುವ ಬೀರುವಿನಲ್ಲೇ ಇಡುವುದು ಒಳ್ಳೆಯದು. ಆ ಪುಸ್ತಕ ಎಲ್ಲಿದೆಯೆಂದು ಅಮ್ಮನಿಗೂ ಅಪ್ಪನಿಗೂ ತಿಳಿದಿರಲಿ. ಗುಪ್ತಪದ ಗುಟ್ಟಾಗಿರಬೇಕು, ನಿಜ. ಆದರೆ ಒಬ್ಬರ ಗುಟ್ಟಾಗಿ ಅಲ್ಲ, ಮನೆಯ ಗುಟ್ಟಾಗಿ.